ಪರದೇಶದ ಮಳಿಗೆ, ಪೂರಿಗಾಲಿಯ ಮಕ್ಕಳು

ಸ್ವೀಡನ್ ದೇಶದಲ್ಲಿ 1943ರಲ್ಲಿ ಸ್ಥಾಪಿತವಾದ ಐಕಿಯಾ ಎಂಬ ಗೃಹೋಪಕರಣ ವ್ಯಾಪಾರಸಂಸ್ಥೆಯು, ಹೈದರಾಬಾದು ಮತ್ತು ನವಿ ಮುಂಬಯಿಗಳ ತರುವಾಯ, 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತನ್ನ ಮಹಾಮಳಿಗೆಯನ್ನು ತೆರೆದಾಗ, ಸುಮಾರು 1000 ಮಂದಿಗೆ ನೇರ ಉದ್ಯೋಗ ದೊರಕುವುದೆಂಬ ವಾರ್ತೆ ನಾಡೆಲ್ಲ ಹಬ್ಬಿತು. ಆ ಸಂಸ್ಥೆಯ ಪಾಲಿಗೆ ಪರದೇಶವಾದ ಈ ನೆಲವೇ ನಮ್ಮ ಮಕ್ಕಳ ಸ್ವದೇಶವಾದುದರಿಂದ, ಇಂತಹ ನೇಮಕಾತಿಗಳಲ್ಲಿ ಪೂರಿಗಾಲಿಯಂತಹ ಊರುಗಳಿಗೆ ಸಲ್ಲುವ ಸ್ಥಾನ ಯಾವುದೆಂದು ಕೇಳುವ ಅಧಿಕಾರ ನಮಗುಂಟು.

ಹನಿ ನೀರಾವರಿ ಯೋಜನೆಯ ಹೆಸರಿನಿಂದ ಹೊರಗಿನವರಿಗೆ ಪರಿಚಿತವಾದ, ಮಳವಳ್ಳಿ ತಾಲ್ಲೂಕಿನ ಈ ಊರಿನಲ್ಲಿ, ಪದವಿ ಪಡೆದವರೆಲ್ಲರಿಗೂ ಹೊಲ ಕೆಲಸ ಕೊಡಲಾರದು. ಅಪ್ಪನ ದಿನಸಿ ಅಂಗಡಿಯಲ್ಲಿ ಕುಳಿತು, ಬೆಲ್ಲವನ್ನು ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ, ಉಳಿದ ಬಾಕಿಯನ್ನು ಪುಸ್ತಕದಲ್ಲಿ ಬರೆದು, ಸುಗ್ಗಿ ಮುಗಿದರೂ ಹಣ ಕೊಡದವರಿಗೆ ಮನ ನೋಯದಂತೆ ನೆನಪು ಮಾಡಿ ಬೆಳೆದ ಹುಡುಗಿಯೊಬ್ಬಳು, ಇಂಗ್ಲಿಷಿನಲ್ಲಿ ತಡವರಿಸಿದ ಮಾತ್ರಕ್ಕೆ 'ಅನುಭವವಿಲ್ಲ'ವೆನ್ನಿಸಿಕೊಂಡು ಏಜೆನ್ಸಿಯ ಗುತ್ತಿಗೆ ಕೆಲಸಕ್ಕೆ ತಳ್ಳಲ್ಪಡುವುದಾದರೆ, ಅದು ಯಾವ ಸಂಸ್ಥೆಯಲ್ಲಿ ನಡೆದರೂ ಘೋರವಾದ ಅನ್ಯಾಯವೇ ಸರಿ. ಗಿರಾಕಿಯ ಮನಸ್ಸನ್ನರಿಯುವ ವಿದ್ಯೆಯಲ್ಲಿ ಅವಳು ಆಗಲೇ ಪಳಗಿದವಳು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚಾಗಿ ಕಾಡುತ್ತದೆ. ಜರ್ಮನಿಯ ಮೆಟ್ರೋ ಎಂಬ ಸಗಟು ವ್ಯಾಪಾರಸಂಸ್ಥೆ 2003ರಲ್ಲಿ ಬೆಂಗಳೂರಿನಲ್ಲಿಯೇ ತನ್ನ ಭಾರತೀಯ ವ್ಯವಹಾರವನ್ನು ಪ್ರಾರಂಭಿಸಿ, ಎರಡು ದಶಕಗಳಾಗುವಷ್ಟರಲ್ಲಿ ಅದನ್ನೆಲ್ಲ 2,850 ಕೋಟಿ ರೂಪಾಯಿಗಳಿಗೆ ರಿಲಯನ್ಸ್ ರಿಟೇಲಿಗೆ ಮಾರಲು ಒಪ್ಪಿ, 2023ರಲ್ಲಿ ಇಲ್ಲಿಂದ ನಿರ್ಗಮಿಸಿತು. ನೇಮಕಾತಿ ನಮ್ಮ ಕಣ್ಣೆದುರಿಗೆ ಸಂಭ್ರಮದಿಂದ ನಡೆಯುತ್ತದೆ. ವಿಕ್ರಯದ ನಿರ್ಧಾರವಾದರೋ ಸಮುದ್ರದಾಚೆಯ ಸಭೆಯೊಂದರಲ್ಲಿ ಆಗಿಬಿಡುತ್ತದೆ. ಆದಕಾರಣ ಯಜಮಾನ ಬದಲಾದರೂ ನೌಕರನ ಕೈಯಲ್ಲಿ ಉಳಿಯತಕ್ಕವುಗಳನ್ನು, ಅಂದರೆ ಕಂಪನಿಯದೇ ಹೆಸರಿನ ನೇಮಕಾತಿ ಪತ್ರವನ್ನೂ, ತಪ್ಪದೆ ಜಮೆಯಾಗುವ ಭವಿಷ್ಯನಿಧಿಯನ್ನೂ, ಕಲಿತ ಕೆಲಸಕ್ಕೆ ಪ್ರಮಾಣಪತ್ರವನ್ನೂ, ಮೊದಲ ದಿನವೇ ಕೇಳಿ ಪಡೆಯುವ ಧೈರ್ಯವನ್ನು ನಮ್ಮ ಮಕ್ಕಳಿಗೆ ಕಲಿಸಬೇಕು.

ಕೂರುವ ಕುರ್ಚಿಯೂ ಸಣ್ಣ ಮಾತಲ್ಲ. ದಿನವಿಡೀ ನಿಂತು ಕಾಲು ಊದಿಸಿಕೊಳ್ಳುತ್ತಿದ್ದ ಅಂಗಡಿ ನೌಕರರಿಗಾಗಿ ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಆಸನದ ಹಕ್ಕನ್ನು ಶಾಸನಬದ್ಧಗೊಳಿಸಿದವು. ಬೆಂಗಳೂರಿನ ಮಳಿಗೆಗಳಿಗೆ ಜನರನ್ನು ಅರಸುವ ಸಂಸ್ಥೆಗಳು ಮಳವಳ್ಳಿಯ ಕಾಲೇಜುಗಳಿಗೇ ಬಂದು, ಕನ್ನಡದಲ್ಲಿಯೇ ಸಂದರ್ಶನ ನಡೆಸಿ, ಸಂಬಳದೊಡನೆ ವಸತಿಯ ಏರ್ಪಾಡನ್ನೂ ಈ ಆಸನದ ಸೌಕರ್ಯವನ್ನೂ ಬರಹದಲ್ಲಿ ತಿಳಿಸತಕ್ಕದ್ದು.