ಬೆರಳು ಯಾರದು?

ತನ್ನ ದೇಹದ ಮೇಲೆ ಪ್ರಜೆಗೆ ಪರಿಪೂರ್ಣ ಹಕ್ಕಿಲ್ಲವೆಂದು 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನೆದುರು ವಾದಿಸಿದವರು ಅಂದಿನ ಅಟಾರ್ನಿ ಜನರಲ್ ಮುಕುಲ್ ರೋಹಟಗಿ. ಪ್ಯಾನ್ ಕಾರ್ಡಿಗೆ ಆಧಾರ್ ಕಡ್ಡಾಯ ಮಾಡಿದ್ದನ್ನು ಪ್ರಶ್ನಿಸಿದವರಿಗೆ ಪ್ರಭುತ್ವ ಕೊಟ್ಟ ಉತ್ತರವದು. ಅಷ್ಟರಲ್ಲಿ ನಮ್ಮವರ ಬೆರಳುಗಳು ಹೋಗಿ ಏಳು ವರ್ಷವಾಗಿತ್ತು. 2010ರಲ್ಲಿ ಕರ್ನಾಟಕದ ಪ್ರಾಯೋಗಿಕ ನೋಂದಣಿಗೆ ಆರಿಸಿಕೊಂಡದ್ದು ತುಮಕೂರು ಮತ್ತು ಮೈಸೂರು ಜಿಲ್ಲೆಗಳನ್ನು. ಆಗ ಅದಕ್ಕೊಂದು ಕಾಯಿದೆಯೂ ಇರಲಿಲ್ಲ. ಅದು ಬಂದದ್ದು 2016ರಲ್ಲಿ.

ಗುಬ್ಬಿಯ ತೋಟಗಳಲ್ಲಿ ಅಡಿಕೆ ಸುಲಿಯುವ ಹೆಂಗಸರ ಬೆರಳನ್ನು ನೋಡಿದ್ದೀರಾ? ನಮ್ಮ ಮಲೆನಾಡಿನ ಅಂಗಳಗಳಲ್ಲಿಯೂ ಅದೇ ಬೆರಳು: ಚೊಗರು ಹಿಡಿದು ಕಪ್ಪಾದದ್ದು, ಸಿಪ್ಪೆ ತಾಗಿ ತಾಗಿ ಗೆರೆ ಸವೆದದ್ದು. ಕುಣಿಗಲ್ ಕಡೆಯ ಕಲ್ಲು ಒಡೆಯುವವರ, ತುಮಕೂರು ನಗರದ ಗಾರೆ ಕೆಲಸದವರ ಕೈಯೂ ಹಾಗೆಯೇ. ದುಡಿಮೆ ತಿದ್ದಿ ಬರೆದ ಇಂಥ ದೇಹವನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದೇ ಹೋದಾಗ, ಯಂತ್ರ ಸೋತಿತೆಂದು ಯಾರೂ ಹೇಳುವುದಿಲ್ಲ. "ಬೆರಳು ಬರ್ತಿಲ್ಲ, ನಾಳೆ ಬಾ" ಎನ್ನುತ್ತಾರೆ. ತಪ್ಪು ಬೆರಳಿನದು!

ಮೆಟ್ಟುಗತ್ತಿಯೂ ಒಂದು ಯಂತ್ರವೇ. ಆದರೆ ಅದು ಸುಲಿಯುವವಳ ಮೈಗೆ ಹೊಂದಿಕೊಂಡಿದೆ, ಮೊಂಡಾದರೆ ಅವಳೇ ಮಸೆಯಬಲ್ಲಳು. ಅಂಗಡಿಯ ಪೆಟ್ಟಿಗೆಗೆ ಮಾತ್ರ ಅವಳ ಮೈಯೇ ಹೊಂದಿಕೊಳ್ಳಬೇಕು. ಅರಾಜಕತಾವಾದಿಯೆಂದರೆ ಬಸ್ಸಿಗೆ ಬೆಂಕಿಯಿಡುವವನೆಂದು ಪತ್ರಿಕೆಗಳು ನಮಗೆ ಕಲಿಸಿವೆ. ಅವನ ಮೂಲ ಪ್ರಶ್ನೆ ಇಷ್ಟೇ: ಹಿಡಿ ಯಾರ ಕೈಯಲ್ಲಿದೆ? 1916ರಲ್ಲಿ ಕಾಶಿಯಲ್ಲಿ ತಾನೂ ಅರಾಜಕತಾವಾದಿಯೇ, ಆದರೆ ಬೇರೆ ಬಗೆಯವನು ಎಂದ ಗಾಂಧಿ, ಅದಕ್ಕೆ ಮೊದಲು 1908ರ ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರ ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಡಿಸಿದ್ದರು.

ಮೈಮೇಲಿನ ಗುರುತು ನಮಗೆ ಹೊಸತಲ್ಲ. ಕೊರವಂಜಿಯ ಮುಂದೆ ಕೈಚಾಚಿ ಹಚ್ಚೆ ಹಾಕಿಸಿಕೊಂಡವರು ನಮ್ಮ ಅಜ್ಜಿಯರು. (ಎಲ್ಲರೂ ಇಷ್ಟಪಟ್ಟೇ ಹಾಕಿಸಿಕೊಂಡರೆಂದಲ್ಲ, ರೂಢಿಯೂ ಒಬ್ಬ ಅಮಲ್ದಾರನೇ.) ಇಂದು ಕಾಲೇಜು ಹುಡುಗಿ ತೋಳಿಗೆ ಟ್ಯಾಟೂ ಹಾಕಿಸಿಕೊಂಡರೆ ಬೈಯುವ ಹಿರಿಯರು, ಹತ್ತೂ ಬೆರಳನ್ನು ಗಾಜಿನ ಮೇಲೊತ್ತಿ ಬಂದದ್ದನ್ನು ಮರೆತಿದ್ದಾರೆ. ಬ್ರಿಟಿಷರ ಬಂಗಾಳದಲ್ಲಿ 1849ರವರೆಗೆ ಕೈದಿಯ ಹಣೆಗೆ ಅಪರಾಧವನ್ನೇ ಹಚ್ಚೆಯಾಗಿ ಚುಚ್ಚುತ್ತಿದ್ದರು. ಹಚ್ಚೆ ಹಾಕುವ ಕೊರವರನ್ನೇ ಮದ್ರಾಸ್ ಪ್ರಾಂತ್ಯದಲ್ಲಿ ಅಪರಾಧಿ ಬುಡಕಟ್ಟೆಂದು ಪಟ್ಟಿಗೆ ಸೇರಿಸಿ ಬೆರಳಚ್ಚು ಪಡೆದರು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ ಬಂಧಿತರ ಕಣ್ಣಿನ ಪಾಪೆಯ ಚಿತ್ರ, ಜೈವಿಕ ಮಾದರಿಗಳನ್ನು ಪಡೆದು 75 ವರ್ಷ ಕಾಯ್ದಿಡಲು ಅವಕಾಶ ಕೊಡುವ ಕಾಯಿದೆ 2022ರಲ್ಲಿ ಬಂದಿದೆ. ದನಕರುಗಳ ಕಿವಿಗೂ ಈಗ 12 ಅಂಕಿಯ ಓಲೆ. ಎಮ್ಮೆಗೂ ಹನ್ನೆರಡು, ಎಮ್ಮೆಯ ಒಡತಿಗೂ ಹನ್ನೆರಡು!

ಖಾಸಗಿತನ ಮೂಲಭೂತ ಹಕ್ಕೆಂಬ 2017ರ ಆಗಸ್ಟ್ 24ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ. ಮರುವರ್ಷದ ಬಹುಮತದ ತೀರ್ಪು ಮಾತ್ರ ಪಡಿತರಕ್ಕೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ಸಿರಿವಂತನ ಖಾಸಗಿತನ ಉಳಿಯಿತು, ಅಕ್ಕಿ ಬೇಕಾದವಳದು ತಕ್ಕಡಿಗೆ ಬಿತ್ತು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಬೆರಳಚ್ಚು ಹೊಂದದಿದ್ದರೂ ಸೌಲಭ್ಯ ನಿರಾಕರಿಸಕೂಡದು, ಅದನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಕೊಡಬೇಕೆಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ತೋರಿಸೆಂದು ಕೇಳಿ. ಅಂಗಡಿಯವನು ಬರೆಯಲೊಲ್ಲೆನೆಂದರೆ, ಒಲ್ಲೆನೆಂಬುದನ್ನೇ ಬರೆದು ಸಹಿ ಮಾಡಿಕೊಡು ಎನ್ನಿ.