ಹುಲಿ ಇಲ್ಲದ ಊರಿಗೂ ಫಾರೆಸ್ಟ್ ಆಫೀಸರ್ ಬೇಕು

ಸರಣಿ: ಡಿಗ್ರಿ ಆದ್ಮೇಲೆ ಏನು? | ಭಾಗ 5
(ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ)

"ಫಾರೆಸ್ಟ್ ಡಿಪಾರ್ಟ್‌ಮೆಂಟ್ ಎಕ್ಸಾಂ ಬರೀತೀನಿ" ಅಂತ ಚಳ್ಳಕೆರೆಯಲ್ಲಿ ಯಾರಾದ್ರೂ ಅಂದ್ರೆ ತಕ್ಷಣ ಬರೋ ಮಾತು ಒಂದೇ. "ನಮ್ ಕಡೆ ಕಾಡೆಲ್ಲೈತಪ್ಪ? ಜಾಲಿ ಗಿಡ ಕಾಯ್ತೀಯಾ?"

ನಗು ಬರುತ್ತೆ, ನಿಜ. ಆದ್ರೆ ಈ ಮಾತಲ್ಲೇ ನಮ್ಮ ತಾಲ್ಲೂಕುಗಳ ದೊಡ್ಡ ನಷ್ಟ ಅಡಗಿದೆ. ಹಸಿರಾಗಿ, ದಟ್ಟವಾಗಿ ಇದ್ರೆ ಮಾತ್ರ ಕಾಡು, ಉಳಿದಿದ್ದೆಲ್ಲ ಬಂಜರು ಅಂತ ನಾವೇ ನಂಬಿದ್ದೀವಿ. ನನ್ನ ಅಭಿಪ್ರಾಯ ಉಲ್ಟಾ. ಬಂಡೀಪುರ, ನಾಗರಹೊಳೆ ಕಾಯೋಕೆ ಇಡೀ ದೇಶದ ಕಣ್ಣಿದೆ. ಚಳ್ಳಕೆರೆ, ಮೊಳಕಾಲ್ಮುರಿನ ಹುಲ್ಲುಗಾವಲು, ಕಲ್ಲುಗುಡ್ಡ ಕಾಯೋಕೆ ಇಲ್ಲಿಯ ಮಕ್ಕಳೇ ಹೋಗಬೇಕು.

🌾 ಇಲ್ಲಿ ಕಾಯೋಕೆ ಏನಿದೆ?

ಅಮೃತ ಮಹಲ್ ಕಾವಲು ಅಂದ್ರೆ ಖಾಲಿ ಬಯಲು ಅಲ್ಲ. ಮೈಸೂರು ಅರಸರ ಕಾಲದಿಂದ ದನಗಳಿಗೆ ಬಿಟ್ಟಿದ್ದ ಹುಲ್ಲುಗಾವಲು ಅದು. ಅಲ್ಲೇ ಕೃಷ್ಣಮೃಗ, ತೋಳ, ನರಿ, ನೆಲದ ಮೇಲೇ ಮೊಟ್ಟೆ ಇಡೋ ಹಕ್ಕಿಗಳು ಬದುಕೋದು. ಮೊಳಕಾಲ್ಮುರು ಕಡೆ ಬಂಡೆಗುಡ್ಡಗಳಲ್ಲಿ ಕರಡಿ.

2009ರ ನಂತರ ದೊಡ್ಡಉಳ್ಳಾರ್ತಿ, ವರವು, ಕುದಾಪುರ ಸುತ್ತಮುತ್ತಲ ಕಾವಲುಗಳಲ್ಲಿ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಹೋಯ್ತು. ಡಿಆರ್‌ಡಿಓಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573. ಕೇಸು ಚೆನ್ನೈನ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ಕುರಿ-ದನ ಮೇಯಿಸೋರ ಬದುಕಿನ ಪ್ರಶ್ನೆ ಒಂದು ಕಡೆ. ಅಳಿವಿನ ಅಂಚಿನಲ್ಲಿರೋ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಪ್ರಶ್ನೆ ಇನ್ನೊಂದು ಕಡೆ.

ವಿಜ್ಞಾನ ಸಂಸ್ಥೆ ಬರಬಾರದಿತ್ತು ಅಂತ ನಾನು ವಾದ ಮಾಡ್ತಿಲ್ಲ. ನನ್ನ ಪ್ರಶ್ನೆ ಬೇರೆ. ಒಂದು ಜಾಗ ಕೈಬಿಡೋ ಮೊದಲು ಅಲ್ಲಿ ಯಾರು ಬದುಕ್ತಿದ್ದಾರೆ, ಏನು ಬದುಕ್ತಿದೆ ಅಂತ ವರ್ಷ ವರ್ಷ ಬರೆದಿಡೋರು ಇರಬೇಕಲ್ವಾ? ದಾಖಲೆ ಇಲ್ಲದ ಜಿಂಕೆ ಕೋರ್ಟಲ್ಲಿ ಜಿಂಕೆಯೇ ಅಲ್ಲ.

⚖️ ಕೈಯಲ್ಲಿ ಬಂದೂಕಿಗಿಂತ ಪೆನ್ನು ಮುಖ್ಯ

ಕಾಡುಪ್ರಾಣಿ ಅರಣ್ಯದ ಗಡಿ ಒಳಗಿದ್ರೆ ಮಾತ್ರ ರಕ್ಷಣೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಾಣಿಯ ಜೊತೆ ಓಡಾಡುತ್ತೆ. ಕೃಷ್ಣಮೃಗ ಶೇಂಗಾ ಹೊಲದಲ್ಲಿದ್ರೂ ಅದು ಶೆಡ್ಯೂಲ್ 1ರ ಪ್ರಾಣಿಯೇ. ಅದನ್ನ ಬೇಟೆ ಆಡಿದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿ ಆದ್ಮೇಲೆ ದಂಡ ಕನಿಷ್ಠ 25,000 ರೂಪಾಯಿ.

ಕಾನೂನು ಗಟ್ಟಿ ಇದೆ, ಸರಿ. ಆದ್ರೆ ಶಿಕ್ಷೆ ಆಗೋದು ಮಹಜರಿನಿಂದ. ಎಲ್ಲಿ ಸಿಕ್ತು, ಎಷ್ಟು ಗಂಟೆಗೆ, ಪಂಚರು ಯಾರು, ಮಾಂಸದ ಸ್ಯಾಂಪಲ್ ಯಾರ ಎದುರು ಸೀಲ್ ಆಯ್ತು, ಲ್ಯಾಬಿಗೆ ಯಾವತ್ತು ಹೋಯ್ತು. ಇದ್ರಲ್ಲಿ ಒಂದು ಕೊಂಡಿ ಕಳಚಿದ್ರೂ ಆರೋಪಿ ವಕೀಲರಿಗೆ ಅಷ್ಟೇ ಸಾಕು. ಸಲ್ಮಾನ್ ಖಾನ್ ಕೃಷ್ಣಮೃಗ ಕೇಸು ಎಲ್ಲರಿಗೂ ಗೊತ್ತು. ಘಟನೆ ನಡೆದಿದ್ದು 1998ರ ಅಕ್ಟೋಬರ್, ಜೋಧಪುರ ಕೋರ್ಟು 5 ವರ್ಷ ಶಿಕ್ಷೆ ಹೇಳಿದ್ದು 2018ರ ಏಪ್ರಿಲ್. ಹತ್ತೊಂಬತ್ತೂವರೆ ವರ್ಷ! ಅಷ್ಟು ಕಾಲ ಕೇಸು ಉಸಿರಾಡಿದ್ದು ಕಾಗದಪತ್ರ ಮತ್ತು ಹಿಂದೆ ಸರಿಯದ ಬಿಷ್ಣೋಯಿ ಸಾಕ್ಷಿಗಳಿಂದ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಮೊಳಕಾಲ್ಮುರಿನ ಪಕ್ಕದಲ್ಲೇ ಬಳ್ಳಾರಿ. ಅಲ್ಲಿಯ ಅಕ್ರಮ ಗಣಿಗಾರಿಕೆ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ ಬಂದಿದ್ದು 2011ರ ಜುಲೈ. ಆ ತನಿಖೆಯ ಬೆನ್ನೆಲುಬಾಗಿ ನಿಂತವರು ಡಾ. ಯು.ವಿ. ಸಿಂಗ್. ಅವರು ಪೊಲೀಸ್ ಅಲ್ಲ, ಐಎಫ್‌ಎಸ್ ಅಧಿಕಾರಿ, ಅಂದ್ರೆ ಫಾರೆಸ್ಟ್ ಆಫೀಸರ್. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸ್ತು. ಆಗಸ್ಟಲ್ಲಿ ನಮ್ಮ ಚಿತ್ರದುರ್ಗ ಮತ್ತು ತುಮಕೂರಿಗೂ ಆ ಆದೇಶ ಬಂತು. ಪರ್ಮಿಟ್ಟು, ಲಾರಿ, ಟನ್ನು ಲೆಕ್ಕ ಹಾಕಿದ ಕೆಲಸ ಒಂದು ಸರ್ಕಾರದ ಮುಖ್ಯಮಂತ್ರಿ ಕುರ್ಚಿಯನ್ನೇ ಅಲ್ಲಾಡಿಸಿತು.

ಬೆಲೆಯೂ ಇದೆ, ಮುಚ್ಚಿಡೋದು ಬೇಡ. 2010ರಲ್ಲಿ ಬೇಲೆಕೇರಿ ಬಂದರಿನ ಅದಿರು ಹಿಡಿದ ಅರಣ್ಯ ಅಧಿಕಾರಿಯನ್ನೇ ಅಮಾನತು ಮಾಡೋಕೆ ಹೊರಟಿದ್ರು. ಅದನ್ನ ವಿರೋಧಿಸಿ ಲೋಕಾಯುಕ್ತರೇ ರಾಜೀನಾಮೆ ಬರೆದುಕೊಟ್ರು. ಈ ಯೂನಿಫಾರ್ಮ್ ಹಾಕೋರು ಟ್ರಾನ್ಸ್‌ಫರ್ ಆರ್ಡರಿಗೂ ಸಿದ್ಧ ಇರಬೇಕು.

🥾 ದಾರಿ ಯಾವುದು?

• ಎಸ್ಎಸ್ಎಲ್‌ಸಿ ಆದವರಿಗೆ ಅರಣ್ಯ ವೀಕ್ಷಕ, ಅಂದ್ರೆ ವಾಚರ್.
• ಪಿಯುಸಿ ಆದವರಿಗೆ ಫಾರೆಸ್ಟ್ ಗಾರ್ಡ್. ಈಗಿನ ಹೆಸರು ಗಸ್ತು ಅರಣ್ಯ ಪಾಲಕ. 2023ರ ಕೊನೆಗೆ ರಾಜ್ಯದಲ್ಲಿ 540 ಹುದ್ದೆಗೆ ಕರೆದಿದ್ರು. ಮಾರ್ಕ್ಸ್ ಜೊತೆ ಓಟ, ಜಿಗಿತ, ಗುಂಡು ಎಸೆತದ ಪರೀಕ್ಷೆಯೂ ಇರುತ್ತೆ.
• ಅದರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಆಮೇಲೆ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಓ). ಬಿಎಸ್ಸಿ ಫಾರೆಸ್ಟ್ರಿ ಓದೋ ಆಸೆ ಇದ್ರೆ ಶಿರಸಿ, ಪೊನ್ನಂಪೇಟೆಯಲ್ಲಿ ಕಾಲೇಜಿದೆ.
• ಐಎಫ್‌ಎಸ್‌ಗೆ ಯುಪಿಎಸ್‌ಸಿ. ಪ್ರಿಲಿಮ್ಸ್ ಐಎಎಸ್ ಪರೀಕ್ಷೆ ಜೊತೆಗೇ. ಕೊನೆಗೆ 4 ಗಂಟೆಯಲ್ಲಿ ಗಂಡುಮಕ್ಕಳು 25 ಕಿ.ಮೀ., ಹೆಣ್ಣುಮಕ್ಕಳು 14 ಕಿ.ಮೀ. ನಡೀಬೇಕು. ಹೊಲಕ್ಕೆ ನಡೆದೇ ಅಭ್ಯಾಸ ಇರೋರಿಗೆ ಇದೇನು ದೊಡ್ಡದಲ್ಲ ಬಿಡಿ.
• ಹೊಗೆ, ಕೊಳಕು ನೀರಿನ ವಿರುದ್ಧ ಕೆಲಸ ಮಾಡೋ ಮನಸ್ಸಿದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿ ಹುದ್ದೆ. ಇಂಜಿನಿಯರಿಂಗ್, ಎಂಎಸ್ಸಿ ಓದಿದವರು ಗಮನಿಸಿ.

ವಯಸ್ಸು, ಎತ್ತರ, ಮೀಸಲಾತಿ ಎಲ್ಲ ಆಯಾ ನೋಟಿಫಿಕೇಶನ್ ನೋಡೇ ನಂಬಿ. ಕೋಚಿಂಗ್ ಸೆಂಟರ್ ಪೋಸ್ಟರ್ ನೋಡಿ ಅಲ್ಲ.

🐻 ಕಷ್ಟದ ಮಾತು

ಈ ಕೆಲಸದಲ್ಲಿ ಮೊದಲು ಎದುರಾಗೋರು ದೊಡ್ಡ ಕಳ್ಳರಲ್ಲ, ನಮ್ಮೋರೇ. ಮೊಲಕ್ಕೆ ಉರುಲು ಹಾಕಿದ ಅಣ್ಣ, ಸೌದೆ ತರೋ ಅಜ್ಜಿ, ಕುರಿ ಬಿಟ್ಟ ಹುಡುಗ. ಇವರ ಮೇಲೆ ಕೇಸು ಹಾಕೋದು ಸುಲಭ. ರಾತ್ರಿ ವೇದಾವತಿಯಲ್ಲಿ ಮರಳು ತುಂಬೋ ಲಾರಿಗೆ ಅಡ್ಡ ನಿಲ್ಲೋದು ಕಷ್ಟ. ಸುಲಭದ್ದನ್ನೇ ಮಾಡ್ತಾ ಹೋದ್ರೆ ರಿಜಿಸ್ಟರ್ ತುಂಬುತ್ತೆ, ಕಾವಲು ಖಾಲಿ ಆಗುತ್ತೆ.

ಹಾಗಂತ ಉರುಲನ್ನ ಮಾಫಿ ಮಾಡಿ ಅಂತಿಲ್ಲ. ಮೊಲಕ್ಕೆ ಹಾಕಿದ ತಂತಿಗೆ ಕರಡಿಯೂ ಸಿಗುತ್ತೆ. ಆದ್ರೆ ಹೊಟ್ಟೆಪಾಡು ಯಾವುದು, ದಂಧೆ ಯಾವುದು ಅಂತ ಗುರುತಿಸೋ ಕಣ್ಣು ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ವನ್ಯಜೀವಿ ಕಾಯ್ದೆಯಷ್ಟೇ ಶ್ರದ್ಧೆಯಿಂದ ಓದಿರಬೇಕು.

ಇಲ್ಲೇ ಸ್ಥಳೀಯರ ಬೆಲೆ ಗೊತ್ತಾಗೋದು. ಕರಡಿ ಕಚ್ಚಿದವನ ಮನೆಗೆ ಆವತ್ತೇ ಹೋಗಿ, ಪರಿಹಾರದ ಅರ್ಜಿ ಬರೆಸಿ, ಫೈಲ್ ಹಿಂದೆ ಬೀಳೋ ಗಾರ್ಡ್‌ಗೆ ಊರು ಬಾಯಿ ಬಿಡುತ್ತೆ. ಮುಂದಿನ ಸಲ ಯಾರೋ ಜಿಂಕೆ ಹೊಡೆಯೋಕೆ ಜೀಪಲ್ಲಿ ಬಂದ್ರೆ ಮೊದಲ ಫೋನು ಅವನಿಗೇ. ಆ ಫೋನು ಕನ್ನಡದಲ್ಲೂ ಬರಬಹುದು, ತೆಲುಗಲ್ಲೂ ಬರಬಹುದು. ನಮಗೆ ಎರಡೂ ಬರುತ್ತೆ. ಮ್ಯಾಸಬೇಡರ ದೇವರ ಎತ್ತು ಕಾಯೋ ಕಿಲಾರಿಗಳಿಗೆ ಕಾವಲಿನ ಹೆಜ್ಜೆ ಹೆಜ್ಜೆ ಗೊತ್ತು. ಅವರನ್ನ ಅತಿಕ್ರಮಣ ಮಾಡೋರು ಅಂತ ನೋಡೋ ಅಧಿಕಾರಿಗೆ ಒಂದೂ ಸುಳಿವು ಸಿಗಲ್ಲ. "ಯಜಮಾನ್ರೇ, ತೋಳ ಈ ವರ್ಷ ಎಲ್ಲಿ ಮರಿ ಹಾಕೈತೆ?" ಅಂತ ಕೂತು ಕೇಳೋನಿಗೆ ಎಲ್ಲ ಸಿಗುತ್ತೆ.

🪨 ಕೊನೆಗೆ

ಮೊಳಕಾಲ್ಮುರು ತಾಲ್ಲೂಕಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಂಗಿ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನ ಇವೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದಿದ್ದು. ತಂದೆ-ತಾಯಿ ಮಾತು ಕೇಳಿ, ಸತ್ಯ ಹೇಳಿ ಅನ್ನೋದರ ಜೊತೆಗೇ ಜೀವಿಗಳ ಬಗ್ಗೆ ದಯೆ ಗಟ್ಟಿಯಾಗಿರಲಿ ಅನ್ನೋ ಅರ್ಥದ ಮಾತೂ ಅಲ್ಲಿದೆ. 2,200 ವರ್ಷಕ್ಕೂ ಹಿಂದೆ ಒಬ್ಬ ರಾಜ ಈ ಒಣ ಬಂಡೆಯನ್ನೇ ಇದಕ್ಕೆ ಲಾಯಕ್ಕು ಅಂದ್ಕೊಂಡ. ನಾವು ಇದೇ ನೆಲಕ್ಕೆ ಬಂಜರು ಅಂತೀವಿ.

ಮುಂದಿನ ನೋಟಿಫಿಕೇಶನ್ ಬರೋವರೆಗೂ ಸುಮ್ಮನೆ ಕೂರೋದು ಬೇಡ. ನಿಮ್ಮೂರಿನ ಕಾವಲಲ್ಲಿ ಕಂಡ ಪ್ರಾಣಿ-ಪಕ್ಷಿ, ತಾರೀಖು, ಟೈಮು ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ. ಗೂಡಿನ ಲೊಕೇಶನ್ ಮಾತ್ರ ಸ್ಟೋರಿಗೆ ಹಾಕ್ಬೇಡಿ, ಬೇಟೆಯವರೂ ಫಾಲೋ ಮಾಡ್ತಿರ್ತಾರೆ.

ನಿಮ್ಮೂರ ಕಾವಲಿನ ಹೆಸರೇನು? ಅಲ್ಲಿ ಕೊನೇ ಸಲ ಏನು ನೋಡಿದ್ರಿ? ಕಾಮೆಂಟಲ್ಲಿ ಹೇಳಿ. ಎಕ್ಸಾಂ ಬರೆಯೋ ಫ್ರೆಂಡ್‌ನ ಟ್ಯಾಗ್ ಮಾಡಿ.

#ಚಳ್ಳಕೆರೆ #ಮೊಳಕಾಲ್ಮುರು #ಬಂಜರಲ್ಲ_ಕಾವಲು #ಡಿಗ್ರಿಆದ್ಮೇಲೆಏನು