ಕಂಬಾರರನ್ನು ಓದಿದರೆ ಸಾಕೇ? ಕೇಳಬೇಡವೇ?

ಕನ್ನಡದಲ್ಲಿ 'ಸಮಗ್ರ'ಗಳಿಗೆ ಬರವಿಲ್ಲ. ಸಮಗ್ರ ಕಾವ್ಯ, ಸಮಗ್ರ ನಾಟಕ, ಸಮಗ್ರ ಗದ್ಯ... ದಪ್ಪ ರಟ್ಟು, ಹೊಳೆಯೋ ಹೊದಿಕೆ, ಕಪಾಟಿನಲ್ಲಿ ಸಾಲಾಗಿ ಇಟ್ಟರೆ ನೋಡೋಕೂ ಚೆಂದ. ಆದರೆ ಚಂದ್ರಶೇಖರ ಕಂಬಾರರ ವಿಷಯಕ್ಕೆ ಬಂದಾಗ ಈ 'ಸಮಗ್ರ' ಅನ್ನೋ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಂಬಾರರು ಬರೆದದ್ದನ್ನೆಲ್ಲ ಒಂದೂ ಬಿಡದೆ ಅಚ್ಚು ಹಾಕಿದರೂ ಅದು ಅವರ ಅರ್ಧವೇ ಆದೀತು. ಇನ್ನರ್ಧ ಅವರ ಗಂಟಲಲ್ಲಿದೆ, ಅವರ ನಾಟಕಗಳ ಮೇಳದಲ್ಲಿದೆ. ಆ ಅರ್ಧವನ್ನು ಜೋಡಿಸಿ, ದಿನಾಂಕ ಬರೆದು, ಕ್ರಮವಾಗಿ ಇಡುವ ಕೆಲಸ ಪುಸ್ತಕ ಮುದ್ರಣದಷ್ಟೇ ಮುಖ್ಯ ಅನ್ನೋದು ನನ್ನ ವಾದ.

ಇದು ಅಭಿಮಾನದ ಮಾತಷ್ಟೇ ಅಲ್ಲ. ಅವರ ಹಿನ್ನೆಲೆ ನೋಡಿ. ೧೯೩೭ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ, ಘಟಪ್ರಭೆಯ ದಂಡೆಯ ಮೇಲೆ ಹುಟ್ಟಿದವರು. ಬಯಲಾಟ, ಲಾವಣಿ, ಡೊಳ್ಳಿನ ಹಾಡುಗಳ ಸೀಮೆ ಅದು. ಪಿಎಚ್.ಡಿ. ಮಾಡಿದ್ದೂ ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ. ಅವರ ಆರಂಭದ ಕಾವ್ಯದ ಹೆಸರೇ 'ಹೇಳತೇನ ಕೇಳ'. ಹೆಸರಲ್ಲೇ ಒಬ್ಬ ಹೇಳುವವನು, ಒಬ್ಬ ಕೇಳುವವನು ಇದ್ದಾರೆ. 'ಬರೀತೇನ ಓದು' ಅಂತ ಅವರು ಎಲ್ಲೂ ಅನ್ನಲಿಲ್ಲ! ಕೇಳು ಅಂತ ಕವಿಯೇ ಹೇಳಿರುವಾಗ ನಾವು ಬರೀ ಓದಿ ಮುಗಿಸಿದರೆ ಹೇಗೆ?

ನಾನು ಹಳೇ ಮೈಸೂರು ಕಡೆಯವನು. ನಮ್ಮ ಕಡೆಯವರಿಗೆ ಕಂಬಾರರ ಪುಟ ತೆರೆದ ತಕ್ಷಣ ಎದುರಾಗುವುದು 'ಹ್ಯಾಂಗ', 'ಮ್ಯಾಲ', 'ಬಂದಾನ', 'ಹೋಗ್ಯಾನ' ಇಂಥ ರೂಪಗಳು. ಇವನ್ನು ನಾವು ಅಕ್ಷರ ಇದ್ದಂತೆಯೇ ಓದುತ್ತೇವೆ. ಮಕಾರಕ್ಕೆ ಯಕಾರದ ಒತ್ತು, ಅದರ ಮೇಲೊಂದು ದೀರ್ಘ. ಆದರೆ ಬೆಳಗಾವಿ-ಧಾರವಾಡದವರ ಬಾಯಲ್ಲಿ ಅಲ್ಲಿ ಯಕಾರವೇ ಇರೋದಿಲ್ಲ. ಅದು 'ಎ'ಗೂ 'ಆ'ಗೂ ನಡುವಿನ ಒಂದು ಸ್ವರ, 'ಬ್ಯಾಂಕು' ಅಂತ ಸಲೀಸಾಗಿ ಅನ್ನುವಾಗ ನಮ್ಮ ಬಾಯಲ್ಲೂ ಬರುವಂಥದ್ದು. ನಮ್ಮ ವರ್ಣಮಾಲೆಯಲ್ಲಿ ಆ ಸ್ವರಕ್ಕೆ ಅಕ್ಷರವೇ ಇಲ್ಲ. ಒತ್ತು ಕೊಟ್ಟು ಹೇಗೋ ಸುಧಾರಿಸಿಕೊಂಡಿದ್ದೇವೆ ಅಷ್ಟೇ. ಅಂದರೆ, ಅಚ್ಚಿನಲ್ಲಿ ಎಷ್ಟೇ ಶುದ್ಧವಾಗಿ ಹಾಕಿದರೂ ಈ ಕಾವ್ಯದ ಸ್ವರ ಪುಟಕ್ಕೆ ಇಳಿಯುವುದಿಲ್ಲ. ಕವಿ ಬಾಯಿ ತೆರೆದ ಕೂಡಲೇ ಇಳಿಯುತ್ತೆ. ಕಂಬಾರರು ತಮ್ಮ ಪದ್ಯ ತಾವೇ ಹಾಡುವುದನ್ನು ಒಂದು ಸಲ ಕೇಳಿ, ಆಮೇಲೆ ಪುಸ್ತಕ ಹಿಡಿಯಿರಿ. ಗ್ರಾಂಥಿಕ ಕನ್ನಡದ ಪಕ್ಕದಲ್ಲಿ ಒರಟಾಗಿ ಕಾಣುತ್ತಿದ್ದ ಸಾಲು ಮೈಸೂರಿನವರಿಗೂ ಸರಾಗವಾಗಿ ಬಿಚ್ಚಿಕೊಳ್ಳುತ್ತೆ.

ಲಯದ್ದೂ ಇದೇ ಕಥೆ. ಲಾವಣಿ ಧಾಟಿಯ ಸಾಲುಗಳಲ್ಲಿ ಎಲ್ಲಿ ಎಳೆಯಬೇಕು, ಎಲ್ಲಿ ಗಕ್ಕನೆ ನಿಲ್ಲಬೇಕು, ಯಾವ ಪದದ ಕೊನೆಯ ಸ್ವರವನ್ನು ನುಂಗಬೇಕು ಅನ್ನೋದಕ್ಕೆ ಅಚ್ಚಿನಲ್ಲಿ ಗುರುತಿಲ್ಲ. ನಮ್ಮ ಶಾಲೆಯಲ್ಲಿ ಕಲಿಸಿದ ಮಾತ್ರೆ ಲೆಕ್ಕ ಹಾಕುತ್ತಾ ಕೂತರೆ ಸಾಲು ಕುಂಟುತ್ತದೆ. ಹಾಡಿದಾಗ ಕುಂಟುವುದಿಲ್ಲ. ಕುಂಟು ಇದ್ದದ್ದು ನಮ್ಮ ಲೆಕ್ಕದಲ್ಲಿ!

"ಅಲ್ಲಾ ಸ್ವಾಮಿ, ಕಂಬಾರರ ಹಾಡು ಕೇಳದ ಕನ್ನಡಿಗ ಯಾರಿದ್ದಾರೆ? 'ಕಾಡು ಕುದುರೆ' ಇಲ್ಲವೇ?" ಅಂತ ನೀವು ಕೇಳಬಹುದು. ಇದೆ, ಖಂಡಿತ ಇದೆ. ಆ ಚಿತ್ರ ನಿರ್ದೇಶಿಸಿದವರು ಕಂಬಾರರೇ, ಹಾಡು ಬರೆದವರೂ ಅವರೇ, ಸಂಗೀತವೂ ಅವರದೇ. ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ೧೯೭೮ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ೨೦೨೨ರ ಆಗಸ್ಟಿನಲ್ಲಿ ಸುಬ್ಬಣ್ಣ ತೀರಿಕೊಂಡಾಗ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಅದೇ ಹಾಡು. ಆ ಕಂಠದ ಎತ್ತರ, ಆ ಓಟ... ಅದರ ಬಗ್ಗೆ ನನ್ನದು ಎರಡು ಮಾತಿಲ್ಲ.

ಆದರೆ ಅದೇ ಹಾಡನ್ನು ಕಂಬಾರರು ವಾದ್ಯಗಳ ಹಂಗಿಲ್ಲದೆ ಹಾಡಿದ್ದನ್ನು ಕೇಳಿದರೆ ಬೇರೇನೇ ಅನುಭವ. ಸುಬ್ಬಣ್ಣನವರಲ್ಲಿ ಕುದುರೆ ಆಕಾಶಕ್ಕೆ ನೆಗೆಯುತ್ತದೆ. ಕಂಬಾರರಲ್ಲಿ ಅದರ ಗೊರಸಿಗೆ ಮಣ್ಣು ಮೆತ್ತಿಕೊಂಡಿರುತ್ತದೆ. ಒಂದು ಗಾಯಕನ ಹಾಡು, ಇನ್ನೊಂದು ಕತೆ ಹೇಳುವವನ ಹಾಡು. ಎರಡೂ ಬೇಕು. ತೊಂದರೆ ಏನಪ್ಪಾ ಅಂದರೆ, ಮೊದಲನೆಯದನ್ನು ಕಾಪಾಡೋಕೆ ಸಿನಿಮಾ ಇದೆ, ಧ್ವನಿಸುರುಳಿ ಮಾರುವವರಿದ್ದಾರೆ, ಸ್ಪರ್ಧೆಗಳಲ್ಲಿ ಹಾಡೋ ಮಕ್ಕಳಿದ್ದಾರೆ. ಎರಡನೆಯದು ಯಾವುದೋ ಸಭೆಯಲ್ಲಿ, ಯಾರೋ ಹಿಡಿದ ಕ್ಯಾಸೆಟ್ಟಿನಲ್ಲೋ ಮೊಬೈಲಿನಲ್ಲೋ ಉಳಿದುಕೊಂಡಿರುತ್ತೆ, ಎಷ್ಟೋ ಸಲ ಊರು-ಇಸವಿ ಏನೂ ಇಲ್ಲದೆ.

ಇದಕ್ಕೆ ಒಂದು ಇತಿಹಾಸವೂ ಇದೆ. ೧೯೭೮ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಅಲ್ಲಿಂದ ಮುಂದೆ ಕವಿತೆ ಮನೆಮನೆಗೆ ಬಂತು, ನಿಜ. ಅದರ ಜೊತೆಗೇ ಕವಿತೆಯ ಧ್ವನಿ ಅಂದರೆ ಗಾಯಕರ ಧ್ವನಿ, ತಬಲಾ, ಕೊಳಲು, ಕೋರಸ್ಸು ಅನ್ನೋ ಅಭ್ಯಾಸವೂ ಬಂತು. ಕವಿ ತಾನೇ ಓದಿದ, ಹಾಡಿದ ಧ್ವನಿಯ ಕ್ಯಾಸೆಟ್ಟಿಗೆ ಮಾರುಕಟ್ಟೆ ಕಡಿಮೆ. ಬೇಂದ್ರೆಯವರ ವಾಚನದ ಧ್ವನಿಮುದ್ರಣ ಕೇಳಿದವರಿಗೆ ಗೊತ್ತು, ಆ ಧ್ವನಿಯಲ್ಲಿ ಸಿಗುವ ಅರ್ಥ ಯಾವ ವಿಮರ್ಶೆಯ ಪುಸ್ತಕದಲ್ಲೂ ಸಿಗುವುದಿಲ್ಲ.

ಇನ್ನು ನಾಟಕದ ವಿಷಯ. ಇದು ಇನ್ನೂ ತುರ್ತಿನದು. ೧೯೭೨ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ಮೂರು ನಾಟಕ ಆಡಿಸಿದರು. 'ಈಡಿಪಸ್', ಲಂಕೇಶರ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ'. ಕನ್ನಡ ಹವ್ಯಾಸಿ ರಂಗಭೂಮಿ ದಿಕ್ಕು ಬದಲಿಸಿದ್ದೇ ಅಲ್ಲಿಂದ ಅಂತ ರಂಗದವರು ಇವತ್ತಿಗೂ ಹೇಳುತ್ತಾರೆ. 'ಜೋಕುಮಾರಸ್ವಾಮಿ' ಓದಿದವರಿಗೆ ಕಥೆ ಗೊತ್ತು. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಡುತ್ತಾ ಮನೆಮನೆಗೆ ಒಯ್ಯುವ ಅಲ್ಪಾಯುಷಿ ದೇವರು. ಬಂದೂಕು ಹಿಡಿದು ಮೆರೆಯುವ, ಆದರೆ ಹೆಂಡತಿಗೆ ಮಗು ಕೊಡಲಾಗದ ಗೌಡ. ಹೊಲ ಉತ್ತವನದು ಅನ್ನೋ ಬಸಣ್ಣ. ಭೂಮಿಯ ಫಲ, ಹೆಣ್ಣಿನ ಫಲ ಎರಡೂ ಒಂದೇ ಪ್ರಶ್ನೆಯಾಗುತ್ತದೆ.

ಆದರೆ ಈ ನಾಟಕ ನಿಂತಿರುವುದು ಕಥೆಯ ಮೇಲಲ್ಲ, ಹಾಡಿನ ಮೇಲೆ. ಸೂತ್ರಧಾರ ಹಾಡು ಎತ್ತಿಕೊಳ್ಳುತ್ತಾನೆ, ಹಿಮ್ಮೇಳ ಹಿಡಿದುಕೊಳ್ಳುತ್ತೆ, ಅಲ್ಲೇ ಊರೂ ಕಾಲವೂ ಬದಲಾಗಿಬಿಡುತ್ತೆ. ಪುಸ್ತಕದಲ್ಲಿ ಇರುವುದು ಹಾಡಿನ ಮಾತು ಮಾತ್ರ, ಮಟ್ಟಿಲ್ಲ. ಹೊಸ ತಂಡ ಈ ನಾಟಕ ಎತ್ತಿಕೊಂಡಾಗ ಏನು ಮಾಡಬೇಕು? ಹಳಬರನ್ನು ಹುಡುಕಿ ಮಟ್ಟು ಕೇಳಿ ಕಲಿಯಬೇಕು, ಇಲ್ಲವೇ ತಾವೇ ಹೊಸದಾಗಿ ಕಟ್ಟಬೇಕು. ಹೊಸದು ಕಟ್ಟಲಿ, ಬೇಡ ಅನ್ನೋಲ್ಲ. ಆದರೆ ಮೂಲ ಹೇಗಿತ್ತು ಅಂತ ಗೊತ್ತಿದ್ದು ಬದಲಾಯಿಸುವುದು ಬೇರೆ, ಗೊತ್ತೇ ಇಲ್ಲದೆ ಬದಲಾಯಿಸುವುದು ಬೇರೆ. ಕಾರಂತರು ಹೋಗಿದ್ದು ೨೦೦೨ರಲ್ಲಿ. ಆ ಮೇಳದಲ್ಲಿ ಕೂತು ಹಾಡಿದವರ ನೆನಪನ್ನೇ ನೆಚ್ಚಿಕೊಂಡು ಇನ್ನೆಷ್ಟು ದಿನ ಕಳೆಯೋದು?

ಇಲ್ಲಿ ಒಂದು ಹೊರಗಿನ ಉದಾಹರಣೆ ನೆನಪಾಗುತ್ತೆ. ವೇಲ್ಸ್‌ನ ಕವಿ ಡಿಲನ್ ಥಾಮಸ್ ಕೂಡ ಇಂಥದೇ ಜಾತಿ, ಬರೆಯುವುದಕ್ಕಿಂತ ಓದುವುದಕ್ಕೆ ಹೆಸರಾದವನು. ೧೯೫೩ರ ಮೇ ೧೪ರಂದು ನ್ಯೂಯಾರ್ಕಿನಲ್ಲಿ ಅವನ 'ಅಂಡರ್ ಮಿಲ್ಕ್ ವುಡ್' ನಾಟಕದ ವಾಚನ ನಡೆಯಿತು. ಅವನೇ ಮುಖ್ಯ ನಿರೂಪಕ. ವೇದಿಕೆಯ ಮೇಲಿಟ್ಟಿದ್ದ ಒಂದೇ ಒಂದು ಮೈಕಿನಿಂದ ಅದು ಮುದ್ರಣವಾಯಿತು. ಅದೇ ನವೆಂಬರಿನಲ್ಲಿ ಥಾಮಸ್ ತೀರಿಕೊಂಡ. ಆ ನಾಟಕವನ್ನು ಅವನ ಬಾಯಲ್ಲೇ ಇವತ್ತು ಕೇಳಲಿಕ್ಕಾಗುವುದು ಆ ಒಂದು ಮೈಕಿನ ಪುಣ್ಯ. ಸ್ಟುಡಿಯೋ ಇರಲಿಲ್ಲ, ದೊಡ್ಡ ಯೋಜನೆ ಇರಲಿಲ್ಲ. ಯಾರೋ ಒಬ್ಬರಿಗೆ ಇದು ಉಳಿಯಬೇಕು ಅನ್ನಿಸಿತು, ಅಷ್ಟೇ.

ನಮ್ಮ ಲೇಖಕರ ವಿಷಯದಲ್ಲೂ ಒಳ್ಳೆಯ ಕೆಲಸ ಆಗಿಲ್ಲ ಅಂತಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ೨೦೦೦ದಲ್ಲಿ ದಕ್ಷಿಣ ಏಷ್ಯಾದ ಲೇಖಕರಿಂದ ಅವರ ಬರಹಗಳನ್ನೇ ಓದಿಸಿ ಧ್ವನಿಮುದ್ರಿಸುವ ಕೆಲಸ ಶುರು ಮಾಡಿತು. ಅದರಲ್ಲಿ ಕನ್ನಡ ಲೇಖಕರೂ ಇದ್ದಾರೆ, ಯಾರು ಬೇಕಾದರೂ ಪುಕ್ಕಟೆ ಕೇಳಬಹುದು. ಸಂತೋಷ. ಆದರೆ ನಮ್ಮ ಭಾಷೆಯ ಧ್ವನಿ ಕಾಯಲು ಅಮೆರಿಕದವರ ಗ್ರಂಥಾಲಯ ಬರಬೇಕಾಯಿತಲ್ಲ ಅನ್ನೋದು ಸ್ವಲ್ಪ ಚುಚ್ಚುತ್ತೆ. ಸಾಲದ್ದಕ್ಕೆ ಸ್ಟುಡಿಯೋದಲ್ಲಿ ಕೂತು ಓದುವುದಕ್ಕೂ, ಎದುರಿಗೆ ಜನ ಇದ್ದಾಗ ಹಾಡುವುದಕ್ಕೂ ಅಜಗಜಾಂತರ. ಬಯಲಾಟದ ಮಣ್ಣಿನವರಿಗೆ ಎದುರಿಗೆ ಜನ ಇರಲೇಬೇಕು.

ಸರಿ, ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು.

ಮೊದಲನೆಯದು, ಹಳೇ ಟೇಪು. ಮ್ಯಾಗ್ನೆಟಿಕ್ ಟೇಪಿಗೆ ನಮ್ಮ ಹವೆಯ ತೇವವೇ ಶತ್ರು. ಬೂಷ್ಟು ಹಿಡಿಯುತ್ತೆ, ಅಂಟು ಬಿಡುತ್ತೆ, ಪದರ ಕಿತ್ತು ಬರುತ್ತೆ. ಟೇಪು ಚೆನ್ನಾಗಿದ್ದರೂ ಹಾಕಿ ಕೇಳೋಕೆ ಒಳ್ಳೆಯ ಯಂತ್ರಗಳು ಸಿಗುವುದು ಕಷ್ಟವಾಗಿದೆ. ಡಿಜಿಟಲ್ ಮಾಡುವಾಗಲೂ ಎಂಪಿ೩ ಮಾಡಿ ಕೈತೊಳೆದುಕೊಂಡರೆ ಆಗದು. ಜಾಗ ಉಳಿಸೋಕೆ ಅದು ಧ್ವನಿಯ ಒಂದಷ್ಟು ಭಾಗವನ್ನೇ ಎಸೆದುಬಿಡುತ್ತೆ. ಧ್ವನಿ ಸಂಗ್ರಹಾಲಯದವರು ಒಪ್ಪಿಕೊಂಡಿರುವ ಕನಿಷ್ಠ ಮಟ್ಟ ೪೮ ಕಿಲೋಹರ್ಟ್ಸ್, ೨೪ ಬಿಟ್, ಅದೂ ಕುಗ್ಗಿಸದ ಕಡತ. ಹಂಚಿಕೊಳ್ಳೋಕೆ ಬೇಕಾದರೆ ಎಂಪಿ೩ ಮಾಡಿಕೊಳ್ಳಲಿ.

ಎರಡನೆಯದು, ವಿವರ. ಯಾವ ಊರು, ಯಾವ ದಿನ, ಯಾವ ಪಾಠ, ಜೊತೆಗೆ ಯಾರು ಹಾಡಿದರು, ಯಾರು ಬಾರಿಸಿದರು. ಯೂಟ್ಯೂಬಿನಲ್ಲಿ 'ಕಂಬಾರರ ಸೂಪರ್ ಹಾಡು' ಅಂತ ಶೀರ್ಷಿಕೆ ಕೊಟ್ಟು ಬಿಟ್ಟರೆ ಕೇಳೋಕೆ ಸಾಕು, ಅಭ್ಯಾಸ ಮಾಡೋಕೆ ಸಾಲದು.

ಮೂರನೆಯದು, ಕಾನೂನು. "ಕಾಪಿರೈಟ್ ಇದೆಯಲ್ಲ" ಅನ್ನೋದು ಎಲ್ಲರೂ ಹೇಳುವ ನೆಪ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ ೬೦ ವರ್ಷ ಇರುತ್ತೆ. ಅಷ್ಟು ವರ್ಷ ಸುಮ್ಮನೆ ಕಾದರೆ ಎಷ್ಟೋ ಕ್ಯಾಸೆಟ್ಟು ಹಕ್ಕು ಮುಗಿಯೋ ಮೊದಲೇ ಮುಗಿದುಹೋಗುತ್ತೆ! ಆದರೆ ೨೦೧೨ರ ತಿದ್ದುಪಡಿಯಲ್ಲಿ ಒಂದು ದಾರಿ ಇದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಿ ಈಗಾಗಲೇ ಇರುವ ಪ್ರತಿಯನ್ನು ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಎಲ್ಲರಿಗೂ ಹಂಚಲು ಅನುಮತಿ ಬೇಕು, ಸರಿ. ಉಳಿಸಿಕೊಳ್ಳೋಕೆ ಅಡ್ಡಿ ಏನು?

ಇನ್ನೊಂದು ಆಕ್ಷೇಪವನ್ನೂ ಕೇಳಿದ್ದೇನೆ. ಜನಪದ ಅಂದಮೇಲೆ ಅದು ಬಾಯಿಂದ ಬಾಯಿಗೆ ಬದಲಾಗುತ್ತಾ ಹೋಗಬೇಕು, ರೆಕಾರ್ಡ್ ಮಾಡಿಟ್ಟರೆ ಅದೇ ಸರಿ ಅಂತ ಗಟ್ಟಿಯಾಗಿಬಿಡುತ್ತೆ ಅಂತ. ಮಾತಿನಲ್ಲಿ ಸತ್ಯ ಇದೆ. ಒಂದೇ ರೆಕಾರ್ಡ್ ಇದ್ದರೆ ಹಾಗೇ ಆಗುತ್ತೆ. ಹತ್ತಿದ್ದರೆ? ಅದೇ ಹಾಡನ್ನು ಅದೇ ಕವಿ ಒಂದು ವರ್ಷ ಹೀಗೆ, ಇಪ್ಪತ್ತು ವರ್ಷದ ಮೇಲೆ ಹಾಗೆ ಹಾಡಿದ್ದು ಕೇಳಿದವನಿಗೆ 'ಇದೊಂದೇ ಸರಿ' ಅನ್ನೋ ಭ್ರಮೆ ಉಳಿಯುವುದೇ ಇಲ್ಲ. ಬದಲಾವಣೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಕಂಬಾರರಿಗೆ ನಾವು ಕೊಡದ ಗೌರವವಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ೨೦೧೦ನೇ ಸಾಲಿನ ಜ್ಞಾನಪೀಠ ಬಂತು, ೨೦೧೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಭೂಷಣ. ಶಾಲು, ಹಾರ, ಫಲಕ ಎಲ್ಲ ಆಯಿತು. ಇನ್ನು ಅವರು ಕೇಳಿಕೊಂಡ ಒಂದೇ ಒಂದು ಕೆಲಸ ಬಾಕಿ ಇದೆ, ಕೇಳುವುದು. ನಿಮ್ಮ ಅಟ್ಟದ ಮೇಲೋ ಬೀರುವಿನಲ್ಲೋ ಹಳೇ ನಾಟಕದ ಕ್ಯಾಸೆಟ್ಟೋ, ಕವಿಗೋಷ್ಠಿಯ ಕ್ಯಾಸೆಟ್ಟೋ ಬಿದ್ದಿದ್ದರೆ ದಯವಿಟ್ಟು ಎಸೆಯಬೇಡಿ. ಮೇಲೊಂದು ಚೀಟಿ ಅಂಟಿಸಿ ಊರು, ಇಸವಿ ಬರೆದಿಡಿ. ನೆನಪು ಇರುವಾಗಲೇ ಬರೆದಿಡಿ.